ಬಾಬಾಜಾನನ ಎಡಗೈಗೊಂದು ಗಾಳದ ಕೋಲು

ಸವಣೂರಿನ ಬಜಾರದಲ್ಲಿ ಕರಬಸಪ್ಪನ ಗುಂಡಿ-ದಾರದ ಅಂಗಡಿಗೂ ಬಾಬಾಜಾನನ ಹೊಲಿಗೆ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಮೂವತ್ತು ವರ್ಷ ಆ ಗೋಡೆಯಾಚೆಯಿಂದ ಕರಬಸಪ್ಪ ದಿನಕ್ಕೆ ಇಪ್ಪತ್ತು ಸಲ ಕೇಳಿಸಿಕೊಂಡ ಮಾತೆಂದರೆ ‘ನಾಳಿ ಬರ್ರಿ’. ಅಂಗಿ ಆಯಿತೇ ಎಂದರೆ ನಾಳಿ ಬರ್ರಿ. ಜಂಪರ್ ಆಯಿತೇ ಎಂದರೆ ನಾಳಿ ಬರ್ರಿ. ನಾಡಿದ್ದು ಮದುವೆಯಿದೆ ಮಾರಾಯಾ ಎಂದು ಮದುಮಗನೇ ಬಂದು ಕೈ ಮುಗಿದರೂ, ಮದುವೆ ನಾಡಿದ್ದಲ್ಲವೇ, ಹಾಗಾದರೆ ನಾಳಿ ಬರ್ರಿ. ಗಿರಾಕಿಗಳು ಸಿಟ್ಟಿನಿಂದ ಕರಬಸಪ್ಪನ ಮುಖ ನೋಡುತ್ತಿದ್ದರು. ಅವನು ಗುಂಡಿ ಎಣಿಸುತ್ತಲೇ, “ಬರೇ ಗುಂಡಿ ಕಾಜಾ ಉಳದಾವ್ರಿ, ನಾಳಿ ಖರೇನ ಕೊಡ್ತಾನ” ಎಂದು ಸುಳ್ಳು ಸಾಕ್ಷಿ ಹೇಳುತ್ತಿದ್ದ. ಸುಳ್ಳೆಂದು ಅವರಿಗೂ ಗೊತ್ತು. ಆದರೂ ತಲೆಯಾಡಿಸಿ ಮೆಟ್ಟಿಲಿಳಿದು ಹೋಗುತ್ತಿದ್ದರು, ಮತ್ತೆ ಬಟ್ಟೆಯನ್ನೂ ಇವನಿಗೇ ತಂದು ಕೊಡುತ್ತಿದ್ದರು. ಯಾಕೆಂದರೆ ಬಾಬಾಜಾನ ಹೊಲಿದ ಅಂಗಿಯ ಕಾಲರು ಹತ್ತು ವರ್ಷ ತಲೆ ಬಾಗಿಸುತ್ತಿರಲಿಲ್ಲ.

ಕಳೆದ ಯುಗಾದಿಗೆ ಇನ್ನೂ ಹದಿನೈದು ದಿನ ಇರುವಾಗ ಗೋಡೆಯಾಚೆ ಕತ್ತರಿ ಕೆಳಗೆ ಬಿದ್ದ ಸದ್ದಾಯಿತು. ಕರಬಸಪ್ಪ ಹೋಗಿ ನೋಡುವಷ್ಟರಲ್ಲಿ ಬಾಬಾಜಾನ ಮೇಜಿನ ಮೇಲೆ ವಾಲಿದ್ದ. ಲಕ್ವಾ ಹೊಡೆದಿತ್ತು. ಬಲಗೈ ಬಲಗಾಲು ಹೋದವು. ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಪೂರ್ತಿ ಹೋಯಿತು ಅನ್ನುವಂತೆಯೂ ಇಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದೇ ಒಂದು ಮಾತು ಅವನ ನಾಲಿಗೆಯಲ್ಲಿ ಉಳಿದಿರುವುದು ತಿಳಿಯಿತು.

“ನಾಳಿ.”

ನೀರು ಬೇಕಾದರೂ ನಾಳಿ, ಸಾಕಾದರೂ ನಾಳಿ. ನೋವಾದರೂ ಅದೇ, ನಗು ಬಂದರೂ ಅದೇ. ಡಾಕ್ಟರರು, ಹೀಗೆ ಒಂದೊಂದು ಸಲ ಯಾವುದೋ ರೂಢಿಬಿದ್ದ ಮಾತು ಉಳಿದುಬಿಡುತ್ತದೆ ಎಂದರು. ಇನ್ನೊಂದು ಸಲ ಹೊಡೆದರೆ ಕಷ್ಟ ಎಂದೂ ಹೇಳಿದರು. ಊರು ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳಲಿಲ್ಲ. ಟೇಲರಗ ಅದೊಂದು ಮಾತು ಸಾಕಲ್ಲ, ಬ್ಯಾರೇದ್ದು ಅಂವಾ ಯಾವಾಗ ಆಡ್ಯಾನ ಎಂದು ಚಹಾದಂಗಡಿಯಲ್ಲಿ ಉಡಚಪ್ಪ ಅಂದಾಗ ನಾಲ್ಕು ಮಂದಿ ನಕ್ಕರು. ಕರಬಸಪ್ಪನಿಗೆ ಅವನ ಕಪಾಳಕ್ಕೆ ಬಿಗಿಯಬೇಕೆನಿಸಿತು. ಬಿಗಿಯಲಿಲ್ಲ, ಅರ್ಧ ಚಹಾ ಹಾಗೇ ಬಿಟ್ಟು ಎದ್ದು ಬಂದ.

ಊರಿಗೆ ಗೊತ್ತಿಲ್ಲದ ಒಂದು ಸಂಗತಿ ಕರಬಸಪ್ಪನಿಗೆ ಗೊತ್ತಿತ್ತು. ಎಲ್ಲರಿಗೂ ನಾಳಿ ಅನ್ನುತ್ತಿದ್ದ ಈ ಮನುಷ್ಯ ಒಂದೇ ಒಂದು ವಿಷಯಕ್ಕೆ ‘ಇವತ್ತ ಹೋಗೂಣು ನಡಿ’ ಅನ್ನುತ್ತಿದ್ದ. ಅದು ಮೀನು ಹಿಡಿಯುವ ವಿಷಯ.

ಕರಬಸಪ್ಪ ಲಿಂಗ ಕಟ್ಟಿಕೊಂಡ ಮನುಷ್ಯ. ಅವನ ಮನೆಯಲ್ಲಿ ತತ್ತಿಯ ಹೆಸರನ್ನೂ ಎತ್ತುವುದಿಲ್ಲ. ಅಂಥವನು ಪ್ರತಿ ರವಿವಾರ ಮಧ್ಯಾಹ್ನ ಊರ ಹೊರಗಿನ ಕೆರೆಯ ದಂಡೆಗೆ ಬಾಬಾಜಾನನ ಜೋಡಿ ಹೋಗಿ ಬಿದಿರ ಕೋಲು ಹಿಡಿದು ಕೂಡುತ್ತಿದ್ದ. ತಿನ್ನುವುದಕ್ಕಲ್ಲ. ದಾರದ ತುದಿಯಲ್ಲಿ ಕಾಣದ ಯಾವುದೋ ಒಂದು ಎಳೆಯುತ್ತದಲ್ಲ, ಆ ಎಳೆತ ಅಂಗೈಗೆ ತಿಳಿಯುತ್ತದಲ್ಲ, ಅದಕ್ಕೆ. ಸಿಕ್ಕ ಮೀನೆಲ್ಲ ಬಾಬಾಜಾನನ ಮನೆಗೆ. ಕರಬಸಪ್ಪ ಹಿತ್ತಲಲ್ಲೇ ಮೈ ತೊಳೆದುಕೊಂಡು ಒಳಗೆ ಬರುತ್ತಿದ್ದ. ಹೆಂಡತಿ ದಾನವ್ವ ಕೇಳಿದರೆ, ಕೆರೆಯ ಗಾಳಿ ಮೈಗೆ ಒಳ್ಳೆಯದು ಅನ್ನುತ್ತಿದ್ದ. ಅವಳು ಮೂಗು ಮುರಿಯುತ್ತಿದ್ದಳೇ ಹೊರತು ಇನ್ನೊಂದು ಮಾತು ಕೇಳುತ್ತಿರಲಿಲ್ಲ.

ಆದರೆ ಎರೆಹುಳು ಮುಟ್ಟುವ ಧೈರ್ಯ ಮಾತ್ರ ಅವನಿಗೆ ಒಂದು ದಿನವೂ ಬರಲಿಲ್ಲ. ಮೀನಿನ ಜೀವ ಹೋದರೆ ಅಡ್ಡಿಯಿಲ್ಲ, ತನ್ನ ಕೈಗೆ ಹತ್ತಬಾರದು, ಅಷ್ಟೆ. ಎಂಥ ಧರ್ಮವೋ ಏನೋ. ಇದನ್ನು ಹಿಡಿದು ಬಾಬಾಜಾನ ಎಷ್ಟು ಬೇಕಾದರೂ ಚೇಷ್ಟೆ ಮಾಡಬಹುದಿತ್ತು, ಒಮ್ಮೆಯೂ ಮಾಡಲಿಲ್ಲ. ಡಬ್ಬಿಯಿಂದ ಹುಳು ತೆಗೆಯುವ ಮೊದಲು ಕರಬಸಪ್ಪನಿಗೆ ಬೆನ್ನು ಮಾಡಿ ಕೂತು, “ಆ ಕಡೆ ನೋಡು ಕರಬಸಣ್ಣ. ಮಾಡ ಹೆಂಗ್ ಅದಾವ ನೋಡು” ಅನ್ನುತ್ತಿದ್ದ. ಕರಬಸಪ್ಪ ಮೋಡ ನೋಡುತ್ತಿದ್ದ. ತಿರುಗುವಷ್ಟರಲ್ಲಿ ಗಾಳ ನೀರಲ್ಲಿರುತ್ತಿತ್ತು. ಮೋಡವೇ ಇಲ್ಲದ ಬೇಸಿಗೆಯಲ್ಲೂ ಇದೇ ಮಾತು.

ಬಾಬಾಜಾನನಿಗೆ ಸಮುದ್ರದ ಹುಚ್ಚು ಹಿಡಿದದ್ದು ಮಗಳು ಗುಲ್ನಾರ ಫೋನಿನಲ್ಲಿ ಯಾವುದೋ ವಿಡಿಯೋ ತೋರಿಸಿದ ಮೇಲೆ. ಒಬ್ಬ ದಂಡೆಯ ಮೇಲೆ ನಿಂತು ತೆರೆಯಾಚೆ ಗಾಳ ಬೀಸುತ್ತಿದ್ದ. “ಒಮ್ಮೆ ಹೋಗೂಣು ಕರಬಸಣ್ಣ. ಹಾನಗಲ್ ದಾಟಿ ಶಿರಸಿ ದಾಟಿದ್ರ ಕುಮಟಾನ. ಇವತ್ತ ಹೊಂಟ್ರ ನಾಳಿ ವಾಪಸ್” ಎಂದು ಎಂಟು ವರ್ಷ ಜೀವ ತಿಂದ. ಎಂಟು ವರ್ಷವೂ ಕರಬಸಪ್ಪನೇ ಮುಂದೆ ಹಾಕಿದ. ಮದುವೆ ಸೀಜನ್ನು, ಅಳಿಯನ ಮನೆಯವರು ಬರುವವರು, ಯಾರಾದರೂ ನೋಡಿದರೆ ಏನಂದಾರು. ಒಂದೊಂದು ಸಲ ಒಂದೊಂದು ನೆವ, ಕೊನೆಗೆ ಮಾತ್ರ ಒಂದೇ ಮಾತು: ನಾಳೆ ನೋಡೋಣ.

ಹಾಗಾಗಿ ಹಾಸಿಗೆಯ ಮೇಲಿಂದ ಬಾಬಾಜಾನ ‘ನಾಳಿ’ ಅಂದಾಗಲೆಲ್ಲ ಊರಿಗೆ ಟೇಲರನ ಮಾತು ಕೇಳುತ್ತಿತ್ತು, ಕರಬಸಪ್ಪನಿಗೆ ತನ್ನದೇ ಮಾತು ಕೇಳುತ್ತಿತ್ತು. ತಾನು ಅವನಿಗೆ ಕೈ ಮರಳಿ ಕೊಡಲಾರ, ಕಾಲು ಕೊಡಲಾರ, ಮಾತು ಕೊಡಲಾರ. ಇನ್ನೊಂದು ಸಲ ಲಕ್ವಾ ಹೊಡೆಯುವುದರೊಳಗೆ ಇವನು ಸಮುದ್ರಕ್ಕೆ ಒಂದು ಸಲ ಗಾಳ ಬೀಸಬೇಕು, ತನ್ನ ಕೈಯಾರೆ ಮೀನಿನ ಎಳೆತ ತಿಳಿಯಬೇಕು. ಅದೊಂದನ್ನಾದರೂ ಮಾಡಿಯೇ ತೀರುತ್ತೇನೆಂದು ಕರಬಸಪ್ಪ ಜ್ಯೇಷ್ಠದಲ್ಲಿ ನಿಶ್ಚಯ ಮಾಡಿದ. ಮಾಡಿದ ಮೇಲೆ ಕೋಲು ಹುಡುಕತೊಡಗಿದ.

ಬಿದಿರ ಕೋಲು ಸಮುದ್ರಕ್ಕೆ ನಡೆಯುವುದಿಲ್ಲ ಎನ್ನುವಷ್ಟು ವಿಡಿಯೋಗಳಿಂದಲೇ ತಿಳಿದಿತ್ತು. ದಾರ ಸುತ್ತಿಕೊಳ್ಳುವ ರೀಲು ಹಾಕುವ ಉದ್ದ ಕೋಲೇ ಬೇಕು. ಆದರೆ ಒಂಬತ್ತಡಿ ಕೋಲನ್ನು ಬಜಾರದಲ್ಲಿ ಹೊತ್ತುಕೊಂಡು ನಡೆದರೆ ಕರಬಸಪ್ಪನ ಮರ್ಯಾದೆ ಉಳಿಯುವುದಿಲ್ಲ. ಬಾಬಾಜಾನನ ಸೋದರಳಿಯ ಇನಾಯತ ವೀಳ್ಯದೆಲೆ ಸಾಗಿಸುವ ವ್ಯಾನಿನಲ್ಲಿ ಕರೆದೊಯ್ಯಲು ಒಪ್ಪಿದ್ದ. ಅದರ ಹಿಂದೆ ಬಾಬಾಜಾನನನ್ನು ಮಲಗಿಸಿದರೆ ಕೋಲಿಗೆ ಜಾಗವಿಲ್ಲ. ಹಾಗಾದರೆ ಮಡಚಿ ಚೀಲಕ್ಕೆ ಹಾಕುವಂಥದ್ದೇ ಬೇಕು. ಹಗುರ ಇರಬೇಕು, ಎಡಗೈ ಒಂದೇ ಎತ್ತಬೇಕಲ್ಲ. ಬೆಲೆ ಗುಂಡಿ-ದಾರದ ಅಂಗಡಿಯವನಿಗೆ ನಿಲುಕಬೇಕು. ಮಗಳು ಸುಧಾರಾಣಿಯ ಫೋನು ಇಸಿದುಕೊಂಡು ಎರಡು ತಿಂಗಳು ತಲೆ ಕೆಡಿಸಿಕೊಂಡ. ಸಾವಿರ ರೂಪಾಯಿಯದನ್ನು ನೋಡಿದರೆ ಫೋಟೋದ ಕೆಳಗೆ ಕೊಂಡ ಜನ ಬೈದು ಬರೆದಿರುತ್ತಿದ್ದರು, ಹತ್ತು ಸಾವಿರದ್ದು ಕಂಡರೆ ತಾನೇ ಬೆರಳಿನಿಂದ ಬೇಗ ಮೇಲೆ ಸರಿಸುತ್ತಿದ್ದ.

ಫೋಟೋಗಳನ್ನು ಬಾಬಾಜಾನನಿಗೂ ತೋರಿಸಿದ.

“ಇದು ನೋಡು ಬಾಬಾ, ಒಂದರಾಗ ಒಂದು ಸೇರ್ತೈತಿ, ಹಳೆ ರೇಡಿಯೋದ ಕಡ್ಡಿ ಹಂಗ. ಇದು ನಾಕ್ ತುಂಡು, ಜೋಡಸ್ಬೇಕು. ಯಾವುದು ಬೇಕು?”

“ನಾಳಿ.”

“ಇದಾ?”

“ನಾಳಿ.”

“ಅದಾ?”

“ನಾಳಿ.” ಎಡಗಣ್ಣಿನಲ್ಲಿ ನೀರು ತುಂಬಿತು. ನಗುವೋ ಸಿಟ್ಟೋ ಕರಬಸಪ್ಪನಿಗೆ ಗೊತ್ತಾಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಇಮಾಮಬಿ, ಬಾಬಾಜಾನನ ಹೆಂಡತಿ, “ಅವರ ನಾಳಿ ಒಳಗ ಹತ್ತ್ ಥರಾ ಅದಾವ್ರಿ ಅಣ್ಣಾರ. ನೀರಿನ ನಾಳಿ ಬ್ಯಾರೆ, ದಿಂಬಿನ ನಾಳಿ ಬ್ಯಾರೆ. ನನಗ ಈಗೀಗ ತಿಳ್ಯಾಕತ್ಯಾವ” ಎಂದಳು.

“ಈಗ ಅಂದದ್ದು ಯಾವುದ್ರಿ ಭಾಭಿ?”

ಅವಳು ಗಂಡನ ಮುಖ ನೋಡಿ, “ಇದು ನನಗ ಹೊಸಾದು” ಎಂದಳು.

ಕೊನೆಗೆ ಕರಬಸಪ್ಪ ಹುಬ್ಬಳ್ಳಿಗೇ ಹೋದ. ದಾರ ತರುವ ದಿನವೇ ಗಲ್ಲಿಯೊಂದರಲ್ಲಿದ್ದ ಗಾಳ-ಬಲೆಯ ಅಂಗಡಿ ಹುಡುಕಿದ. ಅಂಗಡಿಯವನು ಬಾಯಿಯುಳ್ಳ ಮನುಷ್ಯ. ಒಂದರೊಳಗೊಂದು ಸೇರುವ ಕೋಲು ಅಗ್ಗವೇನೋ ಹೌದು, ಆದರೆ ಸಮುದ್ರದ ಉಸುಕು ಸಂದಿಗೆ ಹೊಕ್ಕರೆ ಹಿಡಿದುಬಿಡುತ್ತದೆ, ಬೀಸುವಾಗ ಒಳಗೇ ಜಾರಿಬಿಡುತ್ತದೆ ಎಂದ. ನಾಲ್ಕು ತುಂಡಿನದಕ್ಕೆ ಸ್ವಲ್ಪ ಹೆಚ್ಚು ಬಿದ್ದರೂ ಜೋಡಿಸಿದ ಮೇಲೆ ಒಂದೇ ಕೋಲಿನಂತೆ ಬಾಗುತ್ತದೆ, ಎರಡೂವರೆ ಅಡಿ ಚೀಲದಲ್ಲಿ ಕೂಡುತ್ತದೆ. ಒಂಬತ್ತಡಿಯದು ದೂರ ಹೋಗುತ್ತದೆ, ಎಂಟಡಿಯದು ಹಗುರ. ಕೋಲಿನ ಬುಡದಲ್ಲಿ ಎಷ್ಟು ಗ್ರಾಮು ಎಂದು ಬರೆದಿದೆಯೋ ಅಷ್ಟೇ ತೂಕ ಬೀಸಬೇಕು, ಆಸೆಬುರುಕತನ ಮಾಡಿದರೆ ಮುರಿಯುತ್ತದೆ. ಬಂದ ಮೇಲೆ ಸಿಹಿನೀರಲ್ಲಿ ತೊಳೆಯಬೇಕು, ಇಲ್ಲದಿದ್ದರೆ ದಾರ ಹಾಯುವ ಉಂಗುರಗಳಿಗೆ ತುಕ್ಕು ಹತ್ತುತ್ತದೆ.

ದಾರದ ಮಾತು ಬಂದಾಗ ಕರಬಸಪ್ಪ ಜಾಣತನ ತೋರಿಸಲು ಹೋಗಿ, “ನಂಬರ್ ದೊಡ್ಡದು ಕೊಡ್ರಿ, ಸಣ್ಣಗ ಇರ್ತೈತಿ” ಎಂದ. ಹೊಲಿಗೆ ದಾರದಲ್ಲಿ ಹಾಗೆಯೇ, ನಂಬರು ಏರಿದಷ್ಟೂ ದಾರ ತೆಳು. ಅಂಗಡಿಯವನು ನಕ್ಕು, ಇಲ್ಲಿ ನಂಬರು ಏರಿದಷ್ಟೂ ದಪ್ಪ ಎಂದು ತಿಳಿಸಿದ. ಮೂವತ್ತು ವರ್ಷ ದಾರ ಮಾರಿದವನ ಕಿವಿ ಕೆಂಪಾಯಿತು.

“ಏನ್ ಹಚ್ಚಿ ಹಿಡೀತೀರಿ? ಸಿಗಡಿನೋ, ಹುಳಾನೋ?”

“ಜೀವಂತದ್ದು ಏನೂ ಹಚ್ಚಾಂಗಿಲ್ರಿ” ಎಂದ ಕರಬಸಪ್ಪ. “ಆ ಸುಳ್ಳು ಮೀನ ಕೊಡ್ರಿ. ವಿಡಿಯೋದಾಗ ನೋಡೇನಿ.”

ಹೆಬ್ಬೆರಳುದ್ದದ ಕಬ್ಬಿಣದ ಮೀನು, ಬೆಳ್ಳಿ ಬಣ್ಣ, ಬಾಲದಲ್ಲಿ ಮೂರು ಕೊಕ್ಕೆ. ಎಸೆದು ಸುತ್ತುತ್ತಾ ಬಂದರೆ ನೀರಲ್ಲಿ ಈಜಿದಂತೆ ಬರುತ್ತದೆ, ದೊಡ್ಡ ಮೀನು ಮೋಸಹೋಗಿ ಬಾಯಿ ಹಾಕುತ್ತದೆ. ಕರಬಸಪ್ಪನಿಗೆ ಅದು ದೇವರೇ ಕಳಿಸಿದ ಉಪಾಯ ಎನಿಸಿತು. ಬಾಬಾಜಾನ ಹುಳು ಚುಚ್ಚಲಾರ, ತಾನು ಮುಟ್ಟಲಾರ. ಈ ಸುಳ್ಳು ಮೀನಿಗೆ ಯಾರ ಕೈಯೂ ಮೈಲಿಗೆಯಾಗಬೇಕಿಲ್ಲ.

ಆಮೇಲೆ ಅಂಗಡಿಯಲ್ಲೇ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಡಗೈಯೊಂದರಿಂದ ಕೋಲುಗಳನ್ನು ಒಂದಾದ ಮೇಲೊಂದು ಎತ್ತಿ ನೋಡಿದ. ಅತ್ತ ವಾಲಿಸಿದ, ಇತ್ತ ವಾಲಿಸಿದ, ಗಾಳಿಯಲ್ಲಿ ಬೀಸಿದ. ಇದೇನು ಕವಾಯತು ಎಂದು ಅಂಗಡಿಯವನು ನೋಡುತ್ತ ನಿಂತ. ಎಂಟಡಿಯ ನಾಲ್ಕು ತುಂಡಿನದು ಎಡಗೈಗೆ ಸರಿಯಾಗಿ ಕೂತಿತು. ಅಂಗಡಿಯವನು ಮೂರು ಸಾವಿರದೊಳಗೆ ರೀಲು ಸಮೇತ ಕೊಟ್ಟ.

“ಸುತ್ತೋ ಹಿಡಿಕಿ ಎಡಕ್ಕ ಹಾಕ್ಲ್ಯಾ, ಬಲಕ್ಕ?”

“ಎಡಗೈಲೆ ಬೀಸ್ತಾನ. ಅಂದ ಮ್ಯಾಲ ಬಲಕ್ಕ ಹಾಕ್ರಿ” ಎಂದು ಕರಬಸಪ್ಪ ಎಲ್ಲ ತಿಳಿದವನಂತೆ ಹೇಳಿದ.

ಮನೆಯಲ್ಲಿ ದಾನವ್ವ ಚೀಲ ನೋಡಿ, “ಏನ್ರಿ ಅದು?” ಎಂದಳು.

“ಛತ್ರಿ.”

“ನಾಕ್ ಮಂದಿ ಹಿಡಿಯುವಷ್ಟ್ ದೊಡ್ಡ ಛತ್ರಿ ಏನ್ರಿ?” ಎಂದಳು. ಆಮೇಲೆ ತಾನೇ ಮೆತ್ತಗೆ, “ಬಾಬಾಜಾನಣ್ಣಗ ಹಾದ್ಯಾಗ ತಿನ್ನಾಕ ಖಾರಾ ಕಟ್ಟಿ ಕೊಡ್ಲ್ಯಾ?” ಎಂದು ಕೇಳಿದಳು. ಕರಬಸಪ್ಪ ಗೋಡೆಯ ಕಡೆ ತಿರುಗಿ ಹೂಂ ಎಂದ.

ದಸರೆ ಮುಗಿದ ವಾರ ಬೆಳಗಿನ ಜಾವ ಹೊರಟರು. ಎಲೆಯ ವಾಸನೆ ಹಿಡಿದ ವ್ಯಾನಿನಲ್ಲಿ ಬಾಬಾಜಾನ ದಿಂಬಿಗೊರಗಿ ಮಲಗಿದ್ದ, ಪಕ್ಕದಲ್ಲಿ ಕರಬಸಪ್ಪ, ತೊಡೆಯ ಮೇಲೆ ಛತ್ರಿ ಚೀಲ. ಹಾನಗಲ್ ದಾಟುವಾಗ ಬಿಸಿಲು ಬಂತು. ಘಟ್ಟದ ತಿರುವುಗಳಲ್ಲಿ ಬಾಬಾಜಾನ ಎರಡು ಸಲ ವಾಂತಿ ಮಾಡಿಕೊಂಡ, ಕರಬಸಪ್ಪ ಟವೆಲಿನಿಂದ ಒರೆಸಿದ. ವಾಪಸು ಹೋಗೋಣವೇ ಎಂದು ಕೇಳಲು ಧೈರ್ಯ ಬರಲಿಲ್ಲ. ಅದಕ್ಕೆ ಬರುವ ಉತ್ತರ ಅವನಿಗೆ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ.

ಕುಮಟಾದ ಆಚೆ ಒಂದು ಸಣ್ಣ ದಂಡೆಯಲ್ಲಿ ಇನಾಯತ ಮಾವನನ್ನು ಎತ್ತಿಕೊಂಡು ಹೋಗಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ. ನಿದ್ದೆ ಎಳೆಯುತ್ತಿದ್ದುದರಿಂದ ಗಾಡಿಯಲ್ಲಿ ಒಂದು ಗಳಿಗೆ ಮಲಗುತ್ತೇನೆಂದು ಹೋದ. ಕುರ್ಚಿಯ ಕಾಲುಗಳು ಉಸುಕಿನಲ್ಲಿ ಇಷ್ಟಿಷ್ಟೇ ಇಳಿದವು. ಬಾಬಾಜಾನ ಸಮುದ್ರವನ್ನೇ ನೋಡುತ್ತ ಕೂತ. ಒಂದು ಮಾತೂ ಆಡಲಿಲ್ಲ, ಇದ್ದ ಒಂದು ಮಾತನ್ನೂ ಆಡಲಿಲ್ಲ.

ಕರಬಸಪ್ಪ ನಾಲ್ಕು ತುಂಡು ಜೋಡಿಸಿದ, ಉಂಗುರಗಳಲ್ಲಿ ದಾರ ಪೋಣಿಸಿದ, ಸುಳ್ಳು ಮೀನು ಕಟ್ಟಿದ. ರೀಲಿನ ದಾರ ತಡೆಯುವ ಕಂಬಿ ತೆರೆದು, ದಾರವನ್ನು ಬಾಬಾಜಾನನ ಎಡಗೈ ತೋರುಬೆರಳಿಗೆ ಕೊಟ್ಟ. ಆ ಬೆರಳು ದಾರವನ್ನು ಮರೆತಿರಲಿಲ್ಲ. ಮೊದಲ ಸಲ ಬೀಸಿದಾಗ ಕಬ್ಬಿಣದ ಮೀನು ಕುರ್ಚಿಯ ಹಿಂದೆಯೇ ಬಿತ್ತು. ಎರಡನೆಯದು ಕಾಲ ಬುಡಕ್ಕೆ. ಮೂರನೆಯ ಸಲ ಕೋಲು ಬಾಗಿ ನೆಟ್ಟಗಾಯಿತು, ಬೆಳ್ಳಿಯ ಮೀನು ಬಿಸಿಲಲ್ಲಿ ಮಿಂಚಿ ಮೊದಲ ತೆರೆಯನ್ನು ದಾಟಿ ಬಿತ್ತು. ಬಾಬಾಜಾನನ ಅರ್ಧ ಮುಖ ನಕ್ಕಿತು. ಕರಬಸಪ್ಪ ಕೂಸಿನಂತೆ ಚಪ್ಪಾಳೆ ಹೊಡೆದು ಕಂಬಿ ಮುಚ್ಚಿ, “ಸುತ್ತು ಬಾಬಾ, ಸುತ್ತು!” ಎಂದು ಕೂಗಿದ.

ಬಾಬಾಜಾನ ಸುತ್ತುವ ಹಿಡಿಕೆಯನ್ನು ನೋಡಿದ. ಆಮೇಲೆ ತೊಡೆಯ ಮೇಲೆ ಬಿದ್ದಿದ್ದ ತನ್ನ ಬಲಗೈಯನ್ನು ನೋಡಿದ. ಆಮೇಲೆ ಕರಬಸಪ್ಪನನ್ನು ನೋಡಿದ.

ಕೋಲು ಹಿಡಿಯಲು ಒಂದು ಕೈ, ಸುತ್ತಲು ಒಂದು ಕೈ. ಎರಡು ತಿಂಗಳು ಫೋನಿನಲ್ಲಿ ನೋಡಿದ ಪ್ರತಿಯೊಬ್ಬನಿಗೂ ಎರಡು ಕೈ ಇದ್ದವು. ಕರಬಸಪ್ಪ ನೋಡಿದ್ದು ಕೋಲುಗಳನ್ನು, ಕೈಗಳನ್ನಲ್ಲ. ಕೆರೆಯ ಬಿದಿರಿಗೆ ರೀಲೇ ಇರಲಿಲ್ಲ. ಬಲಗೈ ಕಟ್ಟಿಕೊಂಡು ಬೀಸಿ ನೋಡಿದವನಿಗೆ ಸುತ್ತಿ ನೋಡಬೇಕೆಂದು ಹೊಳೆಯಲಿಲ್ಲ. ಹಿಡಿಕೆಯನ್ನು ಬಲಕ್ಕೆ ಹಾಕಿ ಎಂದು ಹೇಳಿದ್ದೂ ಅವನೇ.

ಬಾಬಾಜಾನ ಕೋಲನ್ನು ಮೊಣಕಾಲ ನಡುವೆ ಸಿಗಿಸಿಕೊಂಡು ಎಡಗೈಯಿಂದ ಸುತ್ತಲು ನೋಡಿದ. ಬಲಗಾಲಿಗೆ ಬಿಗಿಯಿಲ್ಲ, ಕೋಲಿನ ತುದಿ ಉಸುಕಿಗೆ ಬಿತ್ತು. ಕರಬಸಪ್ಪ ಕುರ್ಚಿಯ ಪಕ್ಕ ಮಂಡಿಯೂರಿ, ನೀನು ಹಿಡಿ, ನಾನು ಸುತ್ತುತ್ತೇನೆ ಎಂದ. ಇವನು ಸುತ್ತಿದ ಕಡೆಗೆ ಅವನ ಕೈ ಹೊರಳಿತು. ತೆರೆ ಒಂದು ಕಡೆ ಎಳೆಯಿತು. ಸುಳ್ಳು ಮೀನು ಈಜಲಿಲ್ಲ, ಪಾಚಿ ಹೊದ್ದುಕೊಂಡು ನೆಲ ಕೆರೆಯುತ್ತ ಬಂತು. ಆರೇಳು ಸಲ ಮಾಡಿದರು. ಕೊನೆಗೆ ಬಾಬಾಜಾನ ಕೋಲನ್ನು ಕೈಬಿಟ್ಟು ಮುಖ ತಿರುಗಿಸಿಕೊಂಡ. ಅವನ ಭುಜ ಅಲುಗುತ್ತಿತ್ತು. ಕರಬಸಪ್ಪನಿಗೆ ಅಲ್ಲೇ ಉಸುಕಿನಲ್ಲಿ ಹೂತುಹೋಗಬೇಕೆನಿಸಿತು.

ಬೀಸುಬಲೆ ಹೆಗಲಿಗೆ ಹಾಕಿಕೊಂಡು ಹೊರಟಿದ್ದ ದಂಡೆಯ ಮುದುಕನೊಬ್ಬ ಇದನ್ನೆಲ್ಲ ನೋಡಿದ್ದ. “ಒಂದು ಕೈಯವರಿಗೆ ಈ ಕಬ್ಬಿಣ ಯಾಕೆ ಮಾರಾಯ್ರೆ? ಇದನ್ನ ಎಳೀತಾನೇ ಇರಬೇಕು. ಸಿಗಡಿ ಚುಚ್ಚಿ ಎಸೆದು ಸುಮ್ನೆ ಹಿಡ್ಕಂಡು ಕೂತ್ರೆ ಸಾಕು. ಮೀನು ಎಳೆದ್ರೆ ಕೈಗೇ ಗೊತ್ತಾಗ್ತದೆ” ಎಂದ. ತೆಂಗಿನ ಚಿಪ್ಪಿನಲ್ಲಿ ನಾಲ್ಕೈದು ಜೀವಂತ ಸಿಗಡಿ ಹಾಕಿ ಕೊಟ್ಟು ಹೋದ.

ಇಷ್ಟೇ ಸಾಕಾಗಿತ್ತು. ಸುಮ್ಮನೆ ಹಿಡಿದು ಕೂತಿದ್ದರೆ ಸಾಕಾಗಿತ್ತು. ‘ಜೀವಂತದ್ದು ಏನೂ ಹಚ್ಚಾಂಗಿಲ್ಲ’ ಎಂದು ತಾನು ಹೇಳದೇ ಹೋಗಿದ್ದರೆ ಅಂಗಡಿಯವನೇ ಇದನ್ನು ಹೇಳುತ್ತಿದ್ದ. ತನ್ನ ಕೈ ಚೊಕ್ಕಟ ಉಳಿಯಲಿ ಎಂದು ಗೆಳೆಯನ ಇದ್ದ ಒಂದು ಕೈಯನ್ನೂ ಕಟ್ಟಿಹಾಕಿದ್ದ.

ಇನಾಯತನನ್ನು ಕೂಗಿದ್ದರೆ ಎದ್ದು ಬಂದು ಚಿಟಿಕೆಯಲ್ಲಿ ಚುಚ್ಚಿ ಕೊಡುತ್ತಿದ್ದ. ಕರಬಸಪ್ಪ ಕೂಗಲಿಲ್ಲ. ಮೂವತ್ತು ವರ್ಷ ಬೇರೆಯವರ ಕೈಯಿಂದ ಮಾಡಿಸಿದ್ದು ಸಾಕಾಗಿತ್ತು. ಎದೆಯ ಮೇಲಿನ ಲಿಂಗವನ್ನು ಅಂಗಿಯೊಳಗೆ ಸರಿಸಿ ಗುಂಡಿ ಹಾಕಿಕೊಂಡ. ಚಿಪ್ಪಿಗೆ ಕೈ ಹಾಕಿದ. ಬೆರಳ ನಡುವೆ ಸಿಗಡಿ ಚಡಪಡಿಸಿತು, ಅದರ ಕಾಲುಗಳು ಅಂಗೈಯನ್ನು ಗೀರಿದವು. ಇನ್ನೊಂದು ಕೈಯಲ್ಲಿ ಕೊಕ್ಕೆ ಹಿಡಿದ.

“ಬಾಬಾ” ಎಂದ. “ಆ ಕಡೆ ನೋಡು. ಮಾಡ ಹೆಂಗ್ ಅದಾವ ನೋಡು.”

ಬಾಬಾಜಾನ ಆ ಕಡೆ ನೋಡಲಿಲ್ಲ. ಎಡಗೈ ಚಾಚಿ ಕರಬಸಪ್ಪನ ಮಣಿಕಟ್ಟು ಹಿಡಿದ.

“ನಾಳಿ.”

“ಬಿಡು ಬಾಬಾ. ಒಂದ್ ಸಿಗಡಿ. ಏನಾಗಾಂಗಿಲ್ಲ.”

“ನಾಳಿ!”

“ನಿನ್ನ ಕೈಲೆ ಒಮ್ಮಿ ಹಿಡೀಲೋ. ಅದಕ್ಕ ಬಂದೇವಲ್ಲೋ ಇಷ್ಟ್ ದೂರ.”

“ನಾಳಿ. ನಾಳಿ. ನಾಳಿ.” ಮೂವತ್ತು ವರ್ಷ ಕತ್ತರಿಗೆ ಬಟ್ಟೆಯನ್ನು ಒತ್ತಿ ಹಿಡಿದ ಎಡಗೈ ಅದು, ಬಿಡಿಸಿಕೊಳ್ಳಲು ಆಗಲಿಲ್ಲ. ಆ ಮಾತಿನ ಹತ್ತು ಥರ ಇಮಾಮಬಿಗೆ ಗೊತ್ತಿರಬಹುದು, ಈ ಒಂದನ್ನು ಕರಬಸಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನೀನು ಮುಟ್ಟಬೇಡ. ನನಗಾಗಿ ನೀನು ಕೆಡಬೇಡ. ಕೊಡಬಹುದಾದ ಒಂದೇ ಒಂದು ವಸ್ತು ಕರಬಸಪ್ಪನ ಅಂಗೈಯಲ್ಲಿತ್ತು, ಬಾಬಾಜಾನ ಅದನ್ನು ತೆಗೆದುಕೊಳ್ಳಲೊಲ್ಲ. ಇಬ್ಬರೂ ಅತ್ತರು. ಕರಬಸಪ್ಪ ಸಿಗಡಿಗಳನ್ನೆಲ್ಲ ತೆರೆಯ ನೊರೆಗೆ ಬಿಟ್ಟ ಮೇಲೂ ಬಾಬಾಜಾನ ಮಣಿಕಟ್ಟು ಬಿಡಲಿಲ್ಲ.

ಇನಾಯತ ಕಣ್ಣುಜ್ಜಿಕೊಳ್ಳುತ್ತ ಬಂದ. “ಏನರ ಸಿಕ್ತೇನ್ರಿ ಮಾಮಾ?” ಎಂದು ಕೇಳಿದ.

“ನಾಳಿ” ಎಂದ ಬಾಬಾಜಾನ, ಗೋಡೆಯಾಚೆಯಿಂದ ಕೇಳುತ್ತಿದ್ದ ಅದೇ ದನಿಯಲ್ಲಿ, ಅಷ್ಟೇ ಸಲೀಸಾಗಿ.

ಸುಳ್ಳೆಂದು ಗೊತ್ತಿದ್ದೂ ಮೆಟ್ಟಿಲಿಳಿದು ಹೋಗುತ್ತಿದ್ದ ಗಿರಾಕಿಗಳಂತೆ ಕರಬಸಪ್ಪ ತಲೆಯಾಡಿಸಿದ.

“ಹೂಂ. ನಾಳಿ ಬರೂಣು” ಎಂದ. ಕುಡಿಯಲು ತಂದಿದ್ದ ಸಿಹಿನೀರಿನಿಂದ ಕೋಲಿನ ನಾಲ್ಕು ತುಂಡುಗಳನ್ನೂ ಒಂದೊಂದಾಗಿ ತೊಳೆದು, ಒರೆಸಿ, ಚೀಲಕ್ಕೆ ಹಾಕಿದ.